ನಾನು ಬರೆಯದೆ ಬಿಟ್ಟ ಸಾಲು

30 ಸೆಪ್ಟೆಂಬರ್ 2025, ಮಂಗಳವಾರ. ಸಂಜೆ 5:40, ಗುಬ್ಬಿ ಬಸ್ಸಿನಲ್ಲಿ

ಸೀಟು ಸಿಕ್ಕಿತು. ಅಕ್ಷರ ವಕ್ರವಾದರೆ ಬಸ್ಸಿನ ತಪ್ಪು, ನನ್ನದಲ್ಲ.

ಸರ್ವರ್‌ಗೆ ಹೊಸ ಬ್ಯಾಕಪ್ ಡಿಸ್ಕ್ ಸಿಕ್ಕಿಸಿದ್ದಾಯಿತು. mount ಅಂತ ಜೋಡಿಸುವ ಆಜ್ಞೆ ಕೈಯಲ್ಲೇ ಹೊಡೆದೆ, /backup ಫೋಲ್ಡರಿಗೆ ಕೂತುಕೊಂಡಿತು. ಮೊದಲ ಪ್ರತಿಗೆ ಮೂರು ಗಂಟೆ ಹಿಡಿಯಿತು. ಇನ್ನು ದಿನಕ್ಕೆ ಹತ್ತು ನಿಮಿಷ ಸಾಕು. fstab ಫೈಲಿಗೆ ಒಂದು ಸಾಲು ಸೇರಿಸುವುದು ಬಾಕಿ. ಅದಿಲ್ಲದಿದ್ದರೆ ಮಿಷನ್ ಆರಿ ಹತ್ತಿದ ಮೇಲೆ ಡಿಸ್ಕ್ ಇರುವುದೇ ಅದಕ್ಕೆ ನೆನಪಿರುವುದಿಲ್ಲ. ಹಬ್ಬ ಮುಗಿಯಲಿ, ಮಾಡಿದರಾಯಿತು.

ಮ್ಯಾನೇಜರ್ ಕೃಷ್ಣಕುಮಾರ್ ಇವತ್ತೂ ಶುರು ಮಾಡಿದರು. "ಆ ಕಪ್ಪು ಪರದೆ ಬುಟ್ಟು ಎಲ್ಲರ್ ಥರ ವಿಂಡೋಸ್ ಹಾಕಮ್ಮ ರೂಪಶ್ರೀ. ನಂಗೂ ಒಂಚೂರು ಅರ್ಥ ಆಗ್ಲಿ." ಆರು ವರ್ಷದಿಂದ ಇಡೀ ಕೊಬ್ಬರಿ ಪುಡಿ ಫ್ಯಾಕ್ಟರಿ ಆ ಕಪ್ಪು ಪರದೆಯ ಮೇಲೆ ನಡೆದಿದೆ. ಹಾಕಲ್ಲ ಅಂದೆ.

ಹೊರಡುವಾಗ ಎಲೆಕ್ಟ್ರಿಷಿಯನ್ ಗುಂಡಯ್ಯ ಗೇಟಿನ ಹತ್ತಿರ ಅಡ್ಡ ಬಂದರು. "ನಾಳೆ ಆಯುಧ ಪೂಜೆ ಮೇಡಂ. ನಿಮ್ ಮಿಷನ್ನೂ ಆರ್ಸಿ ಕುಂಕುಮ ಇಡ್ಲಾ?" "ಬಟನ್ ಒಂದ್ಸಲ ಒತ್ತಿ ಬುಡಿ, ಅದೇ ಆರುತ್ತೆ. ಪೂಜೆ ಆದ್ಮೇಲೆ ಇನ್ನೊಂದ್ಸಲ ಒತ್ತಿ" ಅಂದೆ, ಓಡುತ್ತಲೇ. ಬಸ್ಸು ಹೊರಟೇಬಿಟ್ಟಿತ್ತು.

1 ಅಕ್ಟೋಬರ್

ಮನೆ. ಅಮ್ಮ ನನ್ನ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿದ್ದಾಳೆ, ಸರಿಯಾಗಿ ಕ್ಯಾಮೆರಾ ಮೇಲೆ. ಒರೆಸಲು ಹೋದರೆ ಬೈಗುಳ. ಸ್ಕೂಟರಿಗೆ ನಿಂಬೆಹಣ್ಣು. ಕಡಲೆಪುರಿ ತಿಂದು ಮಲಗಿದೆ.

3 ಅಕ್ಟೋಬರ್, ಶುಕ್ರವಾರ

ಬ್ಯಾಕಪ್ ಓಕೆ ಅಂತ ಮೇಲ್ ಬಂದಿದೆ. ಹತ್ತು ನಿಮಿಷದ ಕೆಲಸಕ್ಕೆ ಮೊನ್ನೆ ಮತ್ತೆ ಮೂರು ಗಂಟೆ ಆಗಿದೆ, ಯಾಕೋ. ಓಕೆ ಅಂದಮೇಲೆ ಓಕೆ. ನೂರೆಂಟು ಕೆಲಸ ಇದೆ.

23 ಅಕ್ಟೋಬರ್, ಗುರುವಾರ. ಬೆಳಿಗ್ಗೆ 9:20

ದೀಪಾವಳಿ ರಜೆ ಮುಗಿದು ಮೊದಲ ದಿನ. ವೇ ಬ್ರಿಡ್ಜ್ ಸ್ಲಿಪ್ಪು ಬರುತ್ತಿಲ್ಲ. ತೂಕ ಆಗದೆ ಲಾರಿ ಒಳಗೆ ಬಿಡುವ ಹಾಗಿಲ್ಲ. ಹದಿನೇಳು ಲಾರಿ. ಅಂತರಸನಹಳ್ಳಿ ರಸ್ತೆ ತುಂಬ ತೆಂಗಿನಕಾಯಿ.

"ಕುಣಿಗಲ್ನಿಂದ ನಾಕ್ ಗಂಟೆಗೆ ಬುಟ್ಟಿದೀನಿ ಮೇಡಂ. ಕಂಪ್ಯೂಟ್ರು ಇನ್ನೂ ಎದ್ದಿಲ್ವಾ?" ಅಂದ ಒಬ್ಬ ಡ್ರೈವರ್.

ಜಾಗ ಎಷ್ಟಿದೆ ನೋಡಲು df -h ಹೊಡೆದೆ. ಮುಖ್ಯ ಡಿಸ್ಕ್ ನೂರಕ್ಕೆ ನೂರು ತುಂಬಿದೆ. ಒಂದು ಅಕ್ಷರ ಬರೆಯಲೂ ಜಾಗವಿಲ್ಲ, ಅದಕ್ಕೇ ಡೇಟಾಬೇಸ್ ಕೈಕಾಲು ಬಿಟ್ಟಿದೆ. ಯಾರು ತುಂಬಿಸಿದರು?

ಮಧ್ಯಾಹ್ನ 2:30

ಲಾರಿಗಳು ಒಳಗೆ ಹೋದವು. ಹಳೆಯ ಲಾಗ್‌ಗಳನ್ನು ಬಿಸಾಕಿ ಎರಡು ಜಿಬಿ ಜಾಗ ಮಾಡಿದೆ, ಡೇಟಾಬೇಸ್ ಎದ್ದಿತು. ಆಮೇಲೆ ನಿಧಾನಕ್ಕೆ du ಓಡಿಸಿ ಒಂದೊಂದೇ ಫೋಲ್ಡರ್ ತೂಗಿದೆ. ಸಿಕ್ಕಿತು. /backup, ಇನ್ನೂರು ಜಿಬಿ. ಮುಖ್ಯ ಡಿಸ್ಕಿನ ಮೇಲೇ! ಬ್ಯಾಕಪ್ ಡಿಸ್ಕ್ ಪಕ್ಕದಲ್ಲೇ ಇದೆ, mount ಆಗಿಲ್ಲ. ಖಾಲಿ ಫೋಲ್ಡರಿಗೆ ಮತ್ತೆ ಮೊದಲಿನಿಂದ ಎಲ್ಲ ಪ್ರತಿಯಾಗಿ, ಮೂರು ವಾರದಿಂದ ಅಲ್ಲೇ ಬೀಳುತ್ತಿದೆ. ದಿನಾ ಓಕೆ ಅಂತ ಮೇಲ್ ಬೇರೆ.

last -x ಹೇಳಿತು: ಸರ್ವರ್ ಆರಿ ಹತ್ತಿದ್ದು ಅಕ್ಟೋಬರ್ 1. ಆಯುಧ ಪೂಜೆ!

ರಕ್ತ ಕುದಿಯಿತು. ಗೇಟಿಗೆ ಹೋಗಿ, ಅವತ್ತು ಮಿಷನ್ನುಗಳಿಗೆ ಪೂಜೆ ಮಾಡಿದ ಗುಂಡಯ್ಯನವರನ್ನು ಎಲ್ಲರೆದುರೇ ಕೇಳಿದೆ — ಡ್ರೈವರ್‌ಗಳು, ಕೃಷ್ಣಕುಮಾರ್, ಕ್ಯಾಂಟೀನಿನವರು, ಎಲ್ಲ ಇದ್ದರು. "ಯಾರನ್ ಕೇಳಿ ಸರ್ವರ್ ಆರ್ಸಿದ್ರಿ?"

ಗುಂಡಯ್ಯ ನನ್ನ ಮುಖ ನೋಡಿದರು. ಟೆಸ್ಟರ್ ಜೇಬಿಗೆ ಹಾಕಿಕೊಂಡರು. "ತಪ್ಪಾಯ್ತು ಮೇಡಂ" ಅಂದರು. ಅಷ್ಟೇ.

24 ಅಕ್ಟೋಬರ್, ಶುಕ್ರವಾರ. ಬೆಳಿಗ್ಗೆ 11

ಕೃಷ್ಣಕುಮಾರ್ ಕರೆದರು. ಬೆಂಗಳೂರಿನ ಹೆಡ್ ಆಫೀಸು ವರದಿ ಕೇಳಿದೆ. ಐದು ಗಂಟೆ ಗೇಟು ನಿಂತದ್ದಕ್ಕೆ ಹೆಸರು ಬೇಕು.

"ಸುಮ್ನೆ ಬರಿಯಮ್ಮ. ಎಲೆಕ್ಟ್ರಿಷಿಯನ್ ಯಾರ್ನೂ ಕೇಳ್ದೆ ಪ್ಲಗ್ ಕಿತ್ತ. ಮುಗೀತು. ಅವ್ನು ಕಾಂಟ್ರಾಕ್ಟು, ತೆಗೆದ್ರೆ ಕೇಳೋರಿಲ್ಲ."

ಹನ್ನೊಂದು ವರ್ಷ ಕಾಂಟ್ರಾಕ್ಟಿನಲ್ಲಿ ದುಡಿದ ಮನುಷ್ಯ. ಡಿಸೆಂಬರಿನ ಪರ್ಮನೆಂಟ್ ಲಿಸ್ಟಿನಲ್ಲಿ ಹೆಸರಿದೆ ಅಂತ ಯುಗಾದಿಯಿಂದ ಹೇಳಿಕೊಂಡು ಓಡಾಡುತ್ತಿದ್ದಾರೆ. ನನಗೆ ಇನ್ನೂ ಸಿಟ್ಟಿತ್ತು. ಆದರೂ ಪ್ಲಗ್ ಕಿತ್ತರು ಅನ್ನುವುದನ್ನು ನೋಡದೆ ಬರೆಯುವುದಿಲ್ಲ ಅಂದೆ. ಸೋಮವಾರದ ತನಕ ಟೈಮು.

ಅದೇ ದಿನ, ಮಧ್ಯಾಹ್ನ 3

ಸರ್ವರ್ ತಾನೇ ಬರೆದಿಡುವ ದಿನಚರಿ, ಜರ್ನಲ್, ತೆಗೆದೆ. ಅಕ್ಟೋಬರ್ 1, 11:42 — ಪವರ್ ಬಟನ್ ಒಮ್ಮೆ ಒತ್ತಲಾಗಿದೆ. ಒಂದೊಂದೇ ಸರ್ವಿಸ್ ಸರಿಯಾಗಿ ನಿಂತಿದೆ. 12:31ಕ್ಕೆ ಮತ್ತೆ ಹತ್ತಿದೆ. ಪ್ಲಗ್ ಯಾರೂ ಕಿತ್ತಿಲ್ಲ. ಯಾರೋ ಹೇಳಿಕೊಟ್ಟ ಹಾಗೆ ಮಾಡಿದ್ದಾರೆ.

ಯಾರು ಹೇಳಿಕೊಟ್ಟರು?

25 ಅಕ್ಟೋಬರ್, ಶನಿವಾರ. ಬೆಳಿಗ್ಗೆ 7

ಈ ನೋಟ್‌ಬುಕ್ಕಿನ ಹಿಂದಿನ ಪುಟ ತಿರುವಿದೆ. 30 ಸೆಪ್ಟೆಂಬರ್. ನನ್ನದೇ ವಕ್ರ ಅಕ್ಷರ, ಬಸ್ಸಿನಲ್ಲಿ ಬರೆದದ್ದು. ಬಟನ್ ಒಂದ್ಸಲ ಒತ್ತಿ ಬುಡಿ.

ನಾನು. ನಾನೇ ಹೇಳಿದ್ದೆ. fstab ಸಾಲು ಹಬ್ಬ ಮುಗಿಯಲಿ ಅಂತ ಬಿಟ್ಟವಳೂ ನಾನೇ. ಎರಡೂ ಒಂದೇ ಪುಟದಲ್ಲಿವೆ.

ಮುಖ ತೊಳೆದುಕೊಂಡು ಬಂದು ಮತ್ತೆ ಓದಿದೆ. ಬದಲಾಗಿರಲಿಲ್ಲ.

ಛೀ. ಎಷ್ಟು ಜನರ ಮುಂದೆ ಕೇಳಿದೆ ಆ ಮನುಷ್ಯನನ್ನು.

ಮಧ್ಯಾಹ್ನ 1

ಊಟದ ಬಿಡುವಿನಲ್ಲಿ ಜನರೇಟರ್ ರೂಮಿಗೆ ಹೋದೆ. ಗುಂಡಯ್ಯ ಮುದ್ದೆ ಮುರಿಯುತ್ತಿದ್ದರು. ನಿಂತೇ ಕೇಳಿದೆ: "ಅವತ್ತು ಯಾಕ್ ಹೇಳ್ಲಿಲ್ಲ? 'ನೀವೇ ಆರ್ಸಿ ಅಂದ್ರಲ್ಲ' ಅಂತ ಯಾಕ್ ಹೇಳ್ಲಿಲ್ಲ?"

"ನೀವು ಮರ್ತಿದ್ರಿ. ಅಷ್ಟ್ ಜನದ್ ಮುಂದೆ ಜ್ಞಾಪಿಸಿದ್ರೆ ನಿಮ್ಗೆ ಹೆಂಗಾಗ್ತಿತ್ತು ತಾಯಿ? ಅದೂ ಅಲ್ದೆ ನಾನ್ ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಬ್ಯಾಕಪ್ ಯಾಕೆ ಹಾಳಾಯಿತು ಅಂತ ವಿವರಿಸಲು ಹೊರಟೆ. ಅವರು ಅರ್ಧಕ್ಕೇ ಹಿಡಿದರು: "ಕರೆಂಟ್ ಹೋಗ್ ಬಂದ್ರೆ ಆಟೋ ಸ್ಟಾರ್ಟರ್ ಇಲ್ದಿರೋ ಮೋಟ್ರು ಸುಮ್ನೆ ಕೂತಿರುತ್ತಲ್ಲ, ಹಂಗೆ. ಸ್ಟಾರ್ಟರ್ ಹಾಕಿರ್ಲಿಲ್ಲ ನೀವು."

"ಹೌದು. ಹಾಕಿರ್ಲಿಲ್ಲ."

"ಹಾಕ್ಬುಡಿ ಮತ್ತೆ. ಕೂತ್ಕಳಿ, ಉಪ್ಸಾರೈತೆ."

ಕೂತೆ. ತಿಂದೆ. ಕ್ಷಮೆ ಮಾತ್ರ ಕೇಳಲಿಲ್ಲ. ಎಲ್ಲರೆದುರು ಬೈದದ್ದಕ್ಕೆ ಎಲ್ಲರೆದುರೇ ಹೇಳಬೇಕು, ಮುದ್ದೆ ತಿನ್ನುತ್ತಾ ಅಲ್ಲ.

27 ಅಕ್ಟೋಬರ್, ಸೋಮವಾರ

ವರದಿ ಒಂದೂವರೆ ಪುಟ. ಗುಂಡಯ್ಯ ನನ್ನ ಅನುಮತಿಯಿಂದ, ನಾನು ಹೇಳಿದ ಕ್ರಮದಲ್ಲೇ ಸರ್ವರ್ ಆರಿಸಿದರು. fstabನಲ್ಲಿ ಸಾಲು ಬರೆಯದೆ ಬಿಟ್ಟದ್ದು ನಾನು. ಮೂರು ಗಂಟೆಯ ಸುಳಿವು ಕಂಡೂ ನೋಡದವಳು ನಾನು. ಕೆಳಗೆ ಸಹಿ.

ಕೃಷ್ಣಕುಮಾರ್ ಓದಿ ಮೇಜಿನ ಮೇಲೆ ಎಸೆದರು. "ತಲೆ ಕೆಟ್ಟಿದ್ಯಾ? ನಿನ್ ಪ್ರಮೋಷನ್ ಫೈಲು ಇದೇ ತಿಂಗ್ಳು ಹೋಗೈತೆ. ಆ ಕಪ್ಪು ಪರದೇಲಿ ಏನೈತೆ ಅಂತ ಈ ಫ್ಯಾಕ್ಟರೀಲಿ ಯಾರಿಗ್ ಗೊತ್ತು? ನಿನ್ ಬುಟ್ರೆ ಒಬ್ರಿಗೂ ಗೊತ್ತಿಲ್ಲ. ಅಳಿಸ್ಬುಡು."

ನಿಜ. ನಾನು ಕೊಟ್ಟ ಪ್ರತಿ ಆಜ್ಞೆಯೂ ದಿನಾಂಕದ ಸಮೇತ ಹಿಸ್ಟರಿಯಲ್ಲಿದೆ. ಆ ದಿನದ mount 412ನೆಯ ಸಾಲು. history -d 412 ಅಂತ ಹೊಡೆದರೆ ಸಾಕು — ಆ ಸಾಲು ಇರಲೇ ಇಲ್ಲ ಅನ್ನುವ ಹಾಗಾಗುತ್ತದೆ. ಜರ್ನಲ್ ಅಳಿಸಲೂ ದಾರಿ ಇದೆ. ನಿನ್ನೆ ಯೋಚಿಸಿರಲಿಲ್ಲ ಅಂದರೆ ಸುಳ್ಳಾದೀತು. ಮನೆಯಿಂದಲೇ ಸರ್ವರಿಗೆ ಹೊಕ್ಕು ಟೈಪ್ ಕೂಡ ಮಾಡಿದ್ದೆ. ಎಂಟರ್ ಒತ್ತಲಿಲ್ಲ.

"ಅಳಿಸಲ್ಲ ಸರ್" ಅಂದೆ.

"ಹಂಗಾದ್ರೆ ಇದ್ನ ನಾನ್ ಕಳ್ಸಲ್ಲ."

"ಬೇಡ ಬಿಡಿ. ಬೆಳಿಗ್ಗೆ ಒಂಬತ್ತಕ್ಕೇ ಹೆಡ್ ಆಫೀಸಿಗೆ ಮೇಲ್ ಮಾಡಿದೀನಿ. ನಿಮಗೂ ಕಾಪಿ ಇದೆ."

ಆ ಮುಖ ನೋಡಲು ಒಂದು ಪ್ರಮೋಷನ್ ಹೋದರೂ ಹೋಗಲಿ!

ಹೊರಗೆ ಬಂದು ಕ್ಯಾಂಟೀನಿನಲ್ಲಿ ಟೀ ಹೊತ್ತಿಗೆ ಎಲ್ಲರೆದುರು ಹೇಳಿದೆ: ಆರಿಸಲು ಹೇಳಿದ್ದು ನಾನು, ತಪ್ಪು ನನ್ನದು, ಗುಂಡಯ್ಯನೋರೆ ಕ್ಷಮಿಸಿ. ಗುಂಡಯ್ಯ ತಲೆ ಎತ್ತಲಿಲ್ಲ, "ಟೀ ಆರೋಗುತ್ತೆ ಮೇಡಂ" ಅಂದರು.

18 ನವೆಂಬರ್, ಮಂಗಳವಾರ

ವಿಚಾರಣೆ. ಬೆಂಗಳೂರಿನಿಂದ ಮಹಾಲಕ್ಷ್ಮಮ್ಮ ಅನ್ನುವ ಡೈರೆಕ್ಟರ್ ಬಂದಿದ್ದರು. ಜರ್ನಲ್, ಹಿಸ್ಟರಿ, ಎರಡನ್ನೂ ಪ್ರಿಂಟ್ ತೆಗೆದು ಮುಂದಿಟ್ಟೆ.

"ಇದನ್ನ ನೀವು ಅಳಿಸಬಹುದಿತ್ತು, ಅಲ್ವಾ?"

"ಬಹುದಿತ್ತು ಮೇಡಂ. ಅಳಿಸಿದ್ರೆ ನಾಳೆಯಿಂದ ಆ ಮಿಷನ್ ಹೇಳೋದನ್ನ ನಾನೇ ನಂಬಕ್ಕಾಗ್ತಿರ್ಲಿಲ್ಲ."

ಅವರು ಪ್ರಿಂಟುಗಳನ್ನು ಫೈಲಿಗೆ ಸೇರಿಸಿಕೊಂಡರು. ಗುಂಡಯ್ಯನವರ ಹೆಸರು ಲಿಸ್ಟಿನಲ್ಲಿ ಇರುತ್ತದೋ ಇಲ್ಲವೋ, ಅದನ್ನು ಹೇಳಲಿಲ್ಲ.

1 ಡಿಸೆಂಬರ್, ಸೋಮವಾರ

ನೋಟಿಸ್ ಬೋರ್ಡು. ಪರ್ಮನೆಂಟ್ ಆದವರು ಆರು ಜನ. ನಾಲ್ಕನೆಯದು — ಗುಂಡಯ್ಯ, ಎಲೆಕ್ಟ್ರಿಕಲ್.

ನನಗೆ ಬೇರೆ ಕವರು. ಎಚ್ಚರಿಕೆ ಪತ್ರ, ಪ್ರಮೋಷನ್ ಒಂದು ವರ್ಷ ಇಲ್ಲ. ಬೇಸರವಾಯಿತು, ಇಲ್ಲವೆನ್ನುವುದಿಲ್ಲ. ಇನ್ನೊಂದು ಸಲ ಬರೆಯಲು ಹೇಳಿದರೂ ಅದನ್ನೇ ಬರೆಯುತ್ತೇನೆ.

6 ಡಿಸೆಂಬರ್, ಶನಿವಾರ. ಬೆಳಿಗ್ಗೆ 11:30, ಸರ್ವರ್ ರೂಮು

fstab ಸಾಲು ಅಕ್ಟೋಬರಿನಲ್ಲೇ ಹಾಕಿದ್ದೆ. ಡಿಸ್ಕ್ mount ಆಗಿರದಿದ್ದರೆ ಬ್ಯಾಕಪ್ಪೇ ಶುರುವಾಗದೆ ಕಿರುಚಿಕೊಳ್ಳುವ ಹಾಗೆ ಸ್ಕ್ರಿಪ್ಟಿನಲ್ಲೂ ಬರೆದಿದ್ದೇನೆ. ಆದರೆ ಆರಿಸಿ ಹತ್ತಿಸಿ ನೋಡದ ಹೊರತು ಯಾವುದೂ ಗ್ಯಾರಂಟಿಯಲ್ಲ. ಇವತ್ತು ಲಾರಿ ಇಲ್ಲ. ಗುಂಡಯ್ಯನವರನ್ನು ಕರೆಸಿದೆ. ಹೊಸ ಐಡಿ ಕಾರ್ಡು ಕೊರಳಲ್ಲಿ, ಕುಂಕುಮದ ಪೊಟ್ಟಣ ಕೈಯಲ್ಲಿ.

"ಇವತ್ತು ಪೂಜೆ ಅಲ್ಲ ಗುಂಡಯ್ಯನೋರೆ."

"ಇರ್ಲಿ ಬುಡಿ." ಮಿಷನ್ ಹಣೆಗೆ ಒಂದು ಬೊಟ್ಟಿಟ್ಟರು. ಬೆರಳನ್ನು ಬಟನ್ ಮೇಲಿಟ್ಟು ನನ್ನ ಕಡೆ ತಿರುಗಿದರು. "ಆರಿಸ್ಲಾ ಮೇಡಂ?"

ಒಂದ್ನಿಮಿಷ ಅಂದೆ. ನೋಟ್‌ಬುಕ್ ತೆಗೆದೆ. ಅವರಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟು ಬರೆಯುತ್ತಿದ್ದೇನೆ. ಕಾಯುತ್ತಿದ್ದಾರೆ, ಬೆರಳು ತೆಗೆದಿಲ್ಲ. ಗಂಟೆ 11:42. ಆರಿಸಲು ಹೇಳುತ್ತಿರುವವಳು ನಾನು, ರೂಪಶ್ರೀ. ಒತ್ತಿ ಗುಂಡಯ್ಯನೋರೆ—