ಒನ್ಸ್ ಮೋರ್ ಎಂದರೂ ಏಳದ ಹುಡುಗಿ

ಮಾನ್ಯ ವಿಚಾರಣಾಧಿಕಾರಿಗಳೇ,

ನನ್ನ ಇಂಗ್ಲಿಷ್ ತರಗತಿಯಲ್ಲಿ ಮಕ್ಕಳ ಕೈಲಿ ಕೊಲೆ ಮಾಡಿಸಿದೆನೆಂದು ನೀವು ನನಗೆ ನೋಟಿಸು ಕೊಟ್ಟಿದ್ದೀರಿ. ಆಯಿತು, ಮಾಡಿಸಿದ್ದು ನಿಜ, ನಾಟಕದಲ್ಲಿ, ಮರದ ಅಡಿಪಟ್ಟಿಯಿಂದ. ಆದರೆ ಈಗ ನಿಜವಾಗಿಯೂ ನಡೆದುಹೋಗಬಹುದಾದ ಒಂದು ಕೊಲೆಗೆ ನಿಮ್ಮ ಕಚೇರಿ ದಾರಿ ಮಾಡಿಕೊಟ್ಟಿದೆ. ಅದಕ್ಕೆ ನೋಟಿಸು ಕೊಡುವವರು ಯಾರು? ಯಾರೂ ಕಾಣದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ದ್ವಿತೀಯ ಪಿಯುಸಿ ಮಕ್ಕಳಿಗೆ ಪರಿಚಯಿಸಿದ್ದು ಪುರಾತನ ರೋಮಿನಲ್ಲಿ ನಡೆಯುವ ಒಂದು ದುರಂತ ನಾಟಕವನ್ನು. ಅಧಿಕಾರದಲ್ಲಿರುವವನೊಬ್ಬ ಸೈನಿಕನ ಮಗಳ ಮೇಲೆ ಕಣ್ಣು ಹಾಕುತ್ತಾನೆ. ಸುಳ್ಳು ಸಾಕ್ಷಿ ಕಟ್ಟಿ, ಅವಳು ದಾಸಿಯೆಂದು ತೀರ್ಪು ಕೊಡುತ್ತಾನೆ. ಮನೆತನದ ಮಾನ ಉಳಿಸಬೇಕೆಂದು ಅಪ್ಪ ಸಂತೆಯ ಮಾಂಸದಂಗಡಿಯಿಂದ ಚೂರಿ ಎಳೆದುಕೊಂಡು ಜನರೆದುರಿಗೇ ಮಗಳ ಎದೆಗೆ ಇರಿಯುತ್ತಾನೆ. ರೋಮ್ ಎಂದರೆ ಮಳವಳ್ಳಿಯ ಮಕ್ಕಳು ಆಕಳಿಸುತ್ತಾರೆ. ಹಾಗಾಗಿ, ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ಬೆಳಗನ್ನು ನೆನೆಸಿಕೊಳ್ಳಿ ಎಂದೆ. ಮಾಂಸವನ್ನು ಪಾಲು ಮಾಡಿ ಗುಡ್ಡೆ ಬಾಡು ಹಾಕುತ್ತಿದ್ದಾರೆ, ಜನ ತಮ್ಮ ಪಾಲಿಗೆ ಕಾಯುತ್ತಿದ್ದಾರೆ, ಮರಿ ಕೊಯ್ದ ಆ ಚೂರಿಯನ್ನೇ ಒಬ್ಬ ಅಪ್ಪ ಎತ್ತಿಕೊಂಡ ಎಂದೆ. ಸಾಯುವ ಹುಡುಗಿಗೆ ಆ ದೃಶ್ಯದಲ್ಲಿ ಮಾತೇ ಇಲ್ಲವಲ್ಲ, ಅವಳನ್ನು ಯಾರಾದರೂ ಕೇಳಿದರೇ ಎಂದು ಕೇಳಿದೆ. ನಾನು ಮಾಡಿದ ಪಾಠ ಇಷ್ಟೇ.

'ಎಳೆಯ ಮನಸ್ಸುಗಳ ಮೇಲೆ ಹಿಂಸೆಯ ದುಷ್ಪರಿಣಾಮ' ಎಂದು ಬರೆದಿದ್ದೀರಿ. ಎಂಥ ಮೃದು ಮನಸ್ಸು ತಮ್ಮದು. ಕಳೆದ ಬೇಸಿಗೆಯಲ್ಲಿ ಮಂಡ್ಯದ ಪೌರಾಣಿಕ ನಾಟಕದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದವರು ತಾವೇ ಅಲ್ಲವೇ? ಗದೆ ಹಿಡಿದ ವೀರನ ಪಾತ್ರಧಾರಿ ವೈರಿಯ ಹೊಟ್ಟೆ ಬಗೆದು, ಕರುಳು ಎಳೆದು, ಕುಂಕುಮದ ನೀರನ್ನು ಬೊಗಸೆಯಲ್ಲಿ ಕುಡಿದರು. ಜನ ಶಿಳ್ಳೆ ಹೊಡೆದು 'ಒನ್ಸ್ ಮೋರ್' ಎಂದರು. ಹಾರ್ಮೋನಿಯಂ ಮೇಷ್ಟ್ರು ಮತ್ತೆ ಅದೇ ಹಾಡು ಎತ್ತಿಕೊಂಡರು, ಸತ್ತಿದ್ದವನು ಎದ್ದು ಕಿರೀಟ ಸರಿಮಾಡಿಕೊಂಡು ಇನ್ನೊಮ್ಮೆ ಸತ್ತ. ಕರುಳು ಬಗೆದವರಿಗೆ ತಾವು ಶಾಲು ಹೊದಿಸಿದಿರಿ. ನನ್ನ ಮೇಲೆ ದೂರು ಕೊಟ್ಟ ಪೋಷಕರೂ ಆ ಪಾತ್ರಧಾರಿಯೇ. ಗದೆ ಹಿಡಿದು ಕೊಂದರೆ ಸಂಸ್ಕೃತಿ, ಅಡಿಪಟ್ಟಿ ಹಿಡಿದರೆ ಹಿಂಸೆ ಎಂಬ ನಿಯಮ ಯಾವ ಸುತ್ತೋಲೆಯಲ್ಲಿದೆಯೋ ಗೊತ್ತಿಲ್ಲ.

ಈಗ ಮಕ್ಕಳು ಆ ದೃಶ್ಯವನ್ನು ತರಗತಿಯಲ್ಲಿ ಆಡಿದ ದಿನದ ವಿಷಯ. ಪ್ರೀತಂ ಅಪ್ಪನ ಪಾತ್ರ, ನಾಗಶ್ರೀ ಮಗಳ ಪಾತ್ರ. ಹುಡುಗಿಯ, ಅವಳ ಮನೆಯವರ ಹೆಸರು ಬದಲಿಸಿದ್ದೇನೆ, ಊರವರಿಗೆ ಯಾರೆಂದು ತಿಳಿಯುತ್ತದೆ, ತಿಳಿಯಲಿ. ಪ್ರೀತಂ ಅಡಿಪಟ್ಟಿಯಿಂದ ಇರಿದ, ಅವಳು ನೆಲಕ್ಕೆ ಬಿದ್ದಳು. ಹಿಂದಿನ ಬೆಂಚಿನಿಂದ ಶಿಳ್ಳೆ, 'ಒನ್ಸ್ ಮೋರ್'. ನಮ್ಮ ಮಕ್ಕಳು ನಾಟಕ ನೋಡಿ ಕಲಿತದ್ದೇ ಅದು. ಅವಳು ಏಳಲಿಲ್ಲ. ಪ್ರೀತಂ ಬಗ್ಗಿ, "ಎದ್ದೇಳಮ್ಮಿ, ಇನ್ನೊಂದ್ಸಲ ಮಾಡಣ" ಎಂದ.

"ನಮ್ಮಕ್ಕ ಎದ್ಲಾ?" ಎಂದಳು, ಮಲಗಿಕೊಂಡೇ. "ನಮ್ಮಪ್ಪ ದನ ಕಟ್ಟೋ ಅಗ್ಗ ಅವಳ ಕತ್ತಿಗೆ ಬಿಗ್ದಾಗ ಕಾಲ್ನ ನೆಲಕ್ಕೆ ಬಡ್ದು ಬಡ್ದು ಸತ್ಲು. ಬೇರೆ ಜಾತಿ ಉಡುಗನ್ನ ಕಟ್ಕತೀನಿ ಅಂದಿದ್ಲು. ಆಮ್ಯಾಕೆ ತೊಲೆಗೆ ನೇತಾಕಿ, ಅವಳೇ ನೇಣಾಕಂಡ್ಲು ಅಂದ್ರು. ಬಾಗ್ಲು ಸಂದೀಲಿ ನಾನು ನೋಡ್ತಿದ್ದೆ ಮಿಸ್."

ಶಿಳ್ಳೆ ಹೊಡೆದ ಹುಡುಗ ಅಳುತ್ತಿದ್ದ. ವಿಚಾರಣೆಗೆ ಬಂದ ನಿಮಗೆ ಇದನ್ನೆಲ್ಲ ಹೇಳಿ, ಗುಟ್ಟಾಗಿರಲಿ, ಮೊದಲು ಮಗುವನ್ನು ಕಾಪಾಡಿ ಎಂದು ಕೈಮುಗಿದು ಕೇಳಿಕೊಂಡೆ. ನೀವು ಏನು ಮಾಡಿದಿರಿ? ನಾಟಕದಲ್ಲಿ ಪಾತ್ರ ಮಾಡಿದ ವಿದ್ಯಾರ್ಥಿಯ ಪೋಷಕರ ಅಭಿಪ್ರಾಯ ಪಡೆಯುವುದು ಕ್ರಮವೆಂದು, ಅವಳ ಆ ಮಾತನ್ನು ಅಕ್ಷರಬಿಡದೆ ಟೈಪು ಮಾಡಿಸಿ ಅವಳ ಅಪ್ಪನಿಗೇ ಕಳಿಸಿದಿರಿ. ಕೊಂದವನ ಕೈಗೆ ಸಾಕ್ಷಿಯನ್ನು ಕೊಟ್ಟು, ಕೆಳಗೆ ಸಹಿ ಹಾಕಪ್ಪ ಎಂದಿರಿ. ಇಷ್ಟು ಅಚ್ಚುಕಟ್ಟಾದ ಕ್ರೌರ್ಯ ರೋಮಿನವರಿಗೂ ಹೊಳೆದಿರಲಿಲ್ಲ.

ಆ ಕಾಗದ ತಲುಪಿದ ಮಾರನೆಯ ದಿನ ಅವನು ಕಾಲೇಜಿಗೆ ಬಂದ. ಮಗಳನ್ನು ಜಡೆ ಹಿಡಿದು ವರಾಂಡದುದ್ದಕ್ಕೂ ಎಳೆದ. ಗೇಟಿನ ಕಬ್ಬಿಣಕ್ಕೆ ಅವಳ ಮುಖ ಜಜ್ಜಿದ, ಹುಬ್ಬು ಒಡೆದು ರಕ್ತ ಸಮವಸ್ತ್ರದ ಮೇಲೆ ಇಳಿಯಿತು. ನಾನು ಅಡ್ಡ ಹೋದರೆ ನನ್ನನ್ನು ಗೋಡೆಗೆ ನೂಕಿದ. "ನೀವು ಪಾಠ ಏಳ್ಕಳಿ ಮೇಡಮ್ಮು. ನನ್ ಮಗಳು, ಕಡಿತೀನೋ ಮಡಗ್ತೀನೋ ನನ್ನಿಷ್ಟ" ಎಂದ. ಠಾಣೆಗೆ ಓಡಿದೆ. "ಅಪ್ಪ ಮಗಳನ್ನ ಮನೇಗೆ ಕರ್ಕಂಡೋದ್ರೆ ಕೇಸ್ ಎಂಗಾಯ್ತದೆ?" ಎಂದು ಕಳಿಸಿದರು.

ಅವಳ ಮನೆಗೂ ಹೋದೆ. ತಾಯಿ ಜಯಲಕ್ಷ್ಮಮ್ಮ ಬಾಗಿಲನ್ನು ಅಂಗೈಯಗಲ ತೆಗೆದು, "ಓಗ್ಬುಡು ತಾಯಿ. ಮದ್ವೆ ಗೊತ್ಮಾಡವ್ರೆ. ನೀನು ಬಂದ್ರೆ ಏಟು ಬೀಳೋದು ಅವಳ್ಗೇ" ಎಂದರು. ಒಳಕೋಣೆಯಿಂದ ನೆಲಕ್ಕೆ ಕಾಲು ಬಡಿಯುವ ಸದ್ದು ಕೇಳಿಸುತ್ತಿತ್ತು. ಬದುಕಿದ್ದೇನೆಂದು ನನಗೆ ತಿಳಿಸಲು ಬಡಿದಳೋ, ಕತ್ತು ಹಿಸುಕುವ ಕೈಯಿಂದ ತಪ್ಪಿಸಿಕೊಳ್ಳಲು ಬಡಿದಳೋ ತಿಳಿಯಲಿಲ್ಲ. ಕಿರುಚಿದೆ, ಬಾಗಿಲು ಗುದ್ದಿದೆ. ತೆಗೆಯಲಿಲ್ಲ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ನಾಟಕದಲ್ಲಿ ಮಗಳು ಸತ್ತ ಮೇಲೆ ರೋಮಿನ ಜನ ದಂಗೆ ಏಳುತ್ತಾರೆ, ತೀರ್ಪು ಕೊಟ್ಟ ಅಧಿಕಾರಿ ಉರುಳುತ್ತಾನೆ. ಓದಲು ಚೆನ್ನಾಗಿರುತ್ತದೆ. ಹುಡುಗಿಗೆ ಅದರಿಂದ ಏನು ಬಂತು? ನಮ್ಮಲ್ಲಿ ಹುಡುಗಿ ಸಾಯುವ ಮೊದಲೇ ಜನ ಏಳಬೇಕೆಂದು ಇದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿದ್ದೇನೆ. ಅವಳಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಮಕ್ಕಳ ರಕ್ಷಣಾಧಿಕಾರಿಯನ್ನೂ ಮಹಿಳಾ ಪೊಲೀಸರನ್ನೂ ಕರೆದುಕೊಂಡು ಇವತ್ತೇ ಆ ಮನೆಗೆ ಹೋಗಿ, ಅವಳನ್ನು ಹೊರಗೆ ತನ್ನಿ. ಅಕ್ಕನ ಸಾವಿನ ಕಡತ ಮತ್ತೆ ತೆಗೆಸಿ. ನನ್ನ ಅಮಾನತಿಗೆ ಅವಸರವಿಲ್ಲ, ಆಮೇಲೆ ನಿಧಾನವಾಗಿ ಮಾಡಿ. ಆ ಮನೆಯಲ್ಲಿ ಈಗಾಗಲೇ ಒಬ್ಬಳು ಸತ್ತಾಗಿದೆ ಸ್ವಾಮಿ. ಅಲ್ಲಿ ಒನ್ಸ್ ಮೋರ್ ಆಗಬಾರದು.

ಇಂತಿ,
ಸತ್ತಂತೆ ನಟಿಸಲು ಹೇಳಿ, ಎಬ್ಬಿಸಲಾರದೆ ಕೂತ ಮೇಡಮ್ಮು,
ಅರುಂಧತಿ
ಇಂಗ್ಲಿಷ್ ಉಪನ್ಯಾಸಕಿ (ನೀವು ತೆಗೆಯುವ ತನಕ)
ಮಳವಳ್ಳಿ