ಅವ್ವ ಅಡಿಗೆ ಬಿಟ್ಟ ದಿನ

ಹಗರಿಬೊಮ್ಮನಹಳ್ಳಿ
ಫೆಬ್ರವರಿ 11, 2025

ಪ್ರೀತಿಯ ಮಗಳು ಸಂಘಮಿತ್ರಾಗೆ,

ಹೇಗಿದ್ದೀಯಮ್ಮಾ? ಪರೀಕ್ಷೆ ಮುಗಿಯಿತೆಂದು ನಿನ್ನವ್ವ ನಾಗರತ್ನ ಹೇಳಿದಳು. ನೀನು ಧಾರವಾಡಕ್ಕೆ ಹೋಗಿ ಮೂರು ವಾರವಾಯಿತು. ‘ಅಜ್ಜಿ ಬಗ್ಗೆ ಬರೆದು ಕಳಿಸಪ್ಪಾ, ನುಡಿನಮನದ ದಿನ ನಾನು ಮಾತಾಡ್ತೀನಿ’ ಎಂದು ಬಸ್ ಹತ್ತುವಾಗ ಹೇಳಿದ್ದೆ. ಮೂರು ಸಲ ಬರೆದೆ, ಮೂರು ಸಲ ಹರಿದೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಎರಡು ಮಾತಿಗೇ ಆ ಕಡೆ ನೀನು ಅಳತೊಡಗುತ್ತೀ. ಅದಕ್ಕೇ ಈ ಕಾಗದ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ತಮ್ಮ ಕ್ರಾಂತಿ ಮಾತು ಕಡಿಮೆ ಮಾಡಿದ್ದಾನೆ. ಅಜ್ಜಿಯ ಮಂಚ ಎತ್ತಿಡೋಣ ಎಂದರೆ ನಾಗರತ್ನ ಬೇಡವೆನ್ನುತ್ತಾಳೆ. ನಿನ್ನೆ ಬೆಳಿಗ್ಗೆ ನಾನೇ ಮರೆತು ಆ ಮಂಚದ ಹತ್ತಿರ ಚಹಾ ಒಯ್ದು ನಿಂತಿದ್ದೆ.

ನೀನು ಬರುವ ಮೊದಲಿನ ಎರಡು ದಿನದ್ದು ಹೇಳುತ್ತೇನೆ. ಆಸ್ಪತ್ರೆಯಲ್ಲಿ ನನ್ನವ್ವನಿಗೆ ಏನೂ ಸೇರುತ್ತಿರಲಿಲ್ಲ. ಆದರೂ ಕಣ್ಣು ಬಿಟ್ಟಾಗೊಮ್ಮೆ, ‘ಬಾಜೂಕಿನ ಮಂಚದಾಕಿ ಮುಂಜಾನಿಂದ ಏನೂ ತಿಂದಿಲ್ಲ, ನೋಡ್ಲೇ ತಿಪ್ಪೇಶ. ಆಕಿ ಕಡಿ ಮಂದಿ ಯಾರೂ ಬಂದಿಲ್ಲ’ ಎನ್ನುತ್ತಿದ್ದಳು. ನಾನು ಆ ಹೆಂಗಸಿಗೆ ಇಡ್ಲಿ ತಂದುಕೊಟ್ಟ ಮೇಲೇ ಮುಖ ಈಚೆ ತಿರುಗಿಸಿದ್ದು. ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ನಾಗರತ್ನ ಎರಡು ಚಮಚ ಗಂಜಿ ಕುಡಿಸಿದಳು. ಮೂರನೆಯದು ಬಾಯಲ್ಲೇ ಉಳಿಯಿತು.

ಊರ ಶಾಲೆಯ ಬಿಸಿಯೂಟದ ಅಡಿಗೆ ಅಜ್ಜಿ ಯಾಕೆ ಬಿಟ್ಟಳು ಎಂದು ಮಣ್ಣು ಮಾಡಿ ಬಂದ ದಿನ ಕೇಳಿದೆಯಲ್ಲ, ಅದನ್ನು ಮೊದಲಿನಿಂದ ಹೇಳಬೇಕು. ನಿನ್ನ ತಾತ ಉಚ್ಚಂಗೆಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡ. ಕೂಲಿ ಮಾಡಿ ನನ್ನನ್ನು ಮೇಷ್ಟ್ರು ಮಾಡಿದವಳು ಅವ್ವ. ಬಿಸಿಯೂಟ ಶುರುವಾದಾಗ ವಿಧವೆಯೆಂದು ಆ ಕೆಲಸ ಅವಳಿಗೆ ಸಿಕ್ಕಿತು. ಮೊದಲ ದಿನ ಅರವತ್ತು ಮಕ್ಕಳಲ್ಲಿ ಉಂಡದ್ದು ಹನ್ನೊಂದು, ಎಲ್ಲವೂ ನಮ್ಮ ಕೇರಿಯವು. ಅವ್ವನ ಹೆಸರೆತ್ತಿ, ಗಾಳೆಮ್ಮನ ಕೈಯಡಿಗೆ ಬೇಡವೆಂದು ಉಳಿದವರನ್ನು ಮನೆಯವರು ಕರೆದೊಯ್ದರು. ಮರುದಿನವೂ ಅವ್ವ ಅರವತ್ತಕ್ಕೇ ಅಕ್ಕಿ ತೊಳೆದಳು. ಹೆಡ್ಮಾಸ್ತರರು ಪಾಪದವರು. ‘ಕಡಿಮಿ ಹಾಕವ್ವ, ಸುಮ್ನೆ ಕೆಡ್ತೈತಿ’ ಎಂದರಂತೆ. ‘ಹೆಸರಿರೋ ಮಕ್ಕಳಿಗೆಲ್ಲ ಮಾಡ್ತೀನ್ರಿ ಸರ್. ಯಾವ ದಿನ ಯಾವುದಕ್ಕ ಹಸಿವಾಕ್ಕೈತೋ, ಯಾರಿಗೆ ಗೊತ್ತು?’ ಎಂದಳಂತೆ ಅವ್ವ.

ಮಕ್ಕಳು ಒಂದೊಂದಾಗಿ ಬಂದವು. ದಸರಾ ಹೊತ್ತಿಗೆ ಮೂವತ್ತು ದಾಟಿತ್ತು. ಆಗ ಶಾಲಾ ಸಮಿತಿಯ ಅಧ್ಯಕ್ಷರಾಗಿದ್ದ ಕೊಟ್ರಬಸಪ್ಪನವರು ಕಾನಹೊಸಹಳ್ಳಿಯ ನನ್ನ ಬಾಡಿಗೆ ಕೋಣೆಗೆ ಬಂದರು. ನಾನು ಅಲ್ಲಿ ಹೊಸ ಮೇಷ್ಟ್ರು. ನೀನು ನಾಗರತ್ನಳ ಹೊಟ್ಟೆಯಲ್ಲಿದ್ದೆ. ಅವರು ಜೋರು ಮಾಡಲಿಲ್ಲ. ‘ಓದಿದವರು ಅದೀರಿ ಮೇಷ್ಟ್ರೇ. ನಿಮ್ಮದಿನ್ನೂ ಕಾಯಂ ಆಗಿಲ್ಲಂತ ಕೇಳೀನಿ. ಊರಾಗ ಗದ್ಲ ಬ್ಯಾಡ. ನಿಮ್ಮವ್ವಗ ನೀವ ಒಂದು ಮಾತು ಹೇಳ್ರಿ’ ಎಂದರು. ನಾಗರತ್ನ ಕೊಟ್ಟ ಚಹಾ ಮುಟ್ಟದೆ ಹೋದರು.

ಅದೇ ವಾರ ಅವ್ವ ಕೆಲಸ ಬಿಟ್ಟಳು. ಅರ್ಜಿಯಲ್ಲಿ ಮೊಣಕಾಲು ನೋವು ಎಂದಿತ್ತು. ನಿನಗೂ ನಾನು ಅದನ್ನೇ ಹೇಳಿದೆ.

ಮೊನ್ನೆ ಅವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ, ನೀನು ಹೊರಟ ಮೇಲೆ, ಕೊಟ್ರಬಸಪ್ಪನವರ ಮೊಮ್ಮಗ ಅರುಣಕುಮಾರ್ ಬಂದಿದ್ದ. ಇಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಾಗರತ್ನ ಹಾಕಿಕೊಟ್ಟ ಅನ್ನ ಸಾರು ನೆಲದ ಮೇಲೆ ಕುಳಿತು ಉಂಡ. ಆಮೇಲೆ, ‘ಅಜ್ಜಿ ಕೈಯಾಗ ನಾನು ಒಂದ ದಿನ ಉಂಡೀನ್ರಿ. ಮುಂದಿನ ಸೋಮವಾರ ತಾಟು ಹಿಡಕೊಂಡು ಹೋದ್ರ ಬ್ಯಾರೆ ಯಾರೋ ನೀಡಾಕ್ಹತ್ತಿದ್ರು. ಯಾಕ ಬಿಟ್ರು ಅಂತ ಮನ್ಯಾಗ ಕೇಳಿದ್ದಕ್ಕ ಹೊಡ್ತ ಬಿತ್ತು. ನಿಮಗ ಗೊತ್ತೇನ್ರಿ ಮೇಷ್ಟ್ರೇ, ಯಾಕ ಬಿಟ್ರು?’ ಎಂದ. ನಾನು ಅವನಿಗೆ ನೀರು ತರುತ್ತೇನೆಂದು ಎದ್ದು ಒಳಗೆ ಹೋದೆ. ಅವನು ಹೋಗುವವರೆಗೂ ಹೊರಗೆ ಬರಲಿಲ್ಲ.

ನುಡಿನಮನ ಈ ತಿಂಗಳ ಇಪ್ಪತ್ತಮೂರಕ್ಕೆ. ಒಂದು ದಿನ ಮುಂಚೆಯೇ ಬಾ. ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಓದು ನಿನ್ನನ್ನು ಅಂಜಿಕೆಯಿಲ್ಲದವಳನ್ನಾಗಿ ಮಾಡಲಿ ಎಂಬುದೊಂದೇ ನನ್ನ ಹರಕೆ. ನಿನಗೆ ಒಳ್ಳೆಯದಾಗಲಿ ಮಗಳೇ.

ನಿನ್ನ ಅಪ್ಪ,
ತಿಪ್ಪೇಶ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಸಭೆಯಲ್ಲಿ ಇದನ್ನೂ ಹೇಳು, ನನ್ನ ಹೆಸರು ಹಿಡಿದೇ ಹೇಳು. ಆ ಅರ್ಜಿ ಬರೆದವನು ನಾನು. ಕೊಟ್ರಬಸಪ್ಪನವರು ಬಂದುಹೋದ ಮೇಲಿನ ಶನಿವಾರ ಊರಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡವಳೇ, ‘ಇವತ್ತು ನಲವತ್ತೊಂದು ಹುಡುಗ್ರು ಉಂಡವೋ! ಕೊಟ್ರಬಸಪ್ಪನ ಮೊಮ್ಮಗನೂ ಕುಂತಿದ್ದ. ಎರಡು ಸಲ ಸಾರು ಹಾಕಿಸ್ಕೊಂಡ’ ಎಂದು ನಕ್ಕಳು. ಅರ್ಜಿ ನನ್ನ ಜೇಬಿನಲ್ಲಿತ್ತು. ‘ನೀನು ಬಿಡದಿದ್ರ ನನ್ನ ನೌಕರಿ ಹೋಗ್ತೈತವ್ವ’ ಎಂದೆ. ಹಾಗೆಂದು ಯಾರೂ ಹೇಳಿರಲಿಲ್ಲ, ಕೊಟ್ರಬಸಪ್ಪನವರೂ ಹೇಳಿರಲಿಲ್ಲ. ಅವ್ವ ಬಹಳ ಹೊತ್ತು ಕೈಗೆ ಮೆತ್ತಿದ ಹಿಟ್ಟು ಉದುರಿಸಿಕೊಂಡಳು. ‘ಏನಂತ ಬರದೀ?’ ಎಂದಳು. ಮೊಣಕಾಲು ನೋವು ಅಂತ, ಎಂದೆ. ‘ನನಗ ಮೊಣಕಾಲು ನೋವಿಲ್ಲಲ್ಲೋ’ ಎಂದಳು, ಅಷ್ಟೇ. ಹೆಬ್ಬೆಟ್ಟಿಗೆಂದು ನಾನು ಶಾಯಿಯ ಡಬ್ಬಿ ತೆರೆದೆ. ಅದನ್ನು ಪಕ್ಕಕ್ಕೆ ಸರಿಸಿ ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಸಾಕ್ಷರತಾ ತರಗತಿಯಲ್ಲಿ ಹೆಸರು ಬರೆಯಲು ಕಲಿತಿದ್ದಳು. ಎಲ್ಲಿಯೂ ಸಹಿ ಹಾಕುವ ಪ್ರಸಂಗ ಬಂದಿರಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು. ಗಾಳೆಮ್ಮ. ಆಮೇಲೆ ಹಾಳೆಯನ್ನು ನನ್ನ ಮುಂದೆ ಹಿಡಿದು, ‘ಸರಿ ಐತೇನ್ರಿ ಮೇಷ್ಟ್ರೇ?’ ಎಂದು ಕೇಳಿದಳು.

ಸರಿ ಐತವ್ವ, ಎಂದೆ.