ನಾನು ನಕ್ಕಿರಲಿಲ್ಲ, ಆಪಾ

ನನ್ನ ಆಪಾ,

ಆ ದಿನ ನಾನು ನಕ್ಕಿರಲಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ನಕ್ಕಿಲ್ಲ ಎನ್ನುವುದು ನನಗೆ ಗೊತ್ತೇ ಇತ್ತು. ನಕ್ಕಂತೆ ನಿನಗೆ ಯಾಕೆ ಕಂಡಿತು ಎನ್ನುವುದು ಮಾತ್ರ ಎರಡು ವರ್ಷ ನನ್ನ ತಲೆ ತಿಂದಿತು. ಹೋದ ತಿಂಗಳು ಅದು ಗೊತ್ತಾಯಿತು. ಗೊತ್ತಾದಾಗಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಮೇಡ್ಲೇರಿಯಲ್ಲಿ ಯಾರಿಗೆ ಹೇಳಿದರೂ "ಹೌದನ?" ಎಂದು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇದನ್ನು ಕಿವಿಗೊಟ್ಟು ಕೇಳಬೇಕಾದವಳು ನೀನೊಬ್ಬಳೇ, ನೀನು ನೋಡಿದರೆ...

ಬೆಂಡೆ ಬೀಜದ ಹೊಲಕ್ಕೆ ನಾನು ಮೊದಲ ಸಲ ಕ್ರಾಸಿಂಗ್ ಕೆಲಸಕ್ಕೆ ಬಂದ ದಿನ ನೆನಪಿದೆಯಾ? ಸಾಲಿನ ನಡುವೆ ನನ್ನನ್ನು ನಿಲ್ಲಿಸಿಕೊಂಡು ಹೇಳಿದ್ದೆ: "ಇದು ಬೆಂಡಿಕಾಯಿ ಲಗ್ನ, ನೀಲಾ. ನಾಳೆ ಅರಳೂ ಮೊಗ್ಗಿನ್ಯಾಗಿನ ಗಂಡು ಕೇಸರ ಇವತ್ತ ಮಧ್ಯಾಹ್ನ ತಗದು, ಕೆಂಪು ಕಾಗದದ ಟೊಪಗಿ ಹಾಕೂದು. ನಾಳೆ ಮುಂಜಾನಿ ಟೊಪಗಿ ತಗದು, ಬ್ಯಾರೆ ತಳಿ ಗಂಡು ಹೂವು ತಂದು ಮುಟ್ಟಿಸಿ, ದಾರ ಕಟ್ಟೂದು. ಆತು, ಅಕ್ಕಿಕಾಳು ಬಿದ್ದಂಗ." ನಾನು ದಾರದ ಕಟ್ಟು ಹಿಡಿದುಕೊಂಡು ಎಲ್ಲಿಡಲಿ ಎಂದು ತಡಕಾಡುತ್ತಿದ್ದೆ. "ಎರಡೂ ಕೈ ಹೂವಿಗೆ ಬೇಕು, ದಾರ ಹಲ್ಲಾಗ ಹಿಡಿ" ಎಂದೆ. ತುಟಿಯ ಒಂದು ತುದಿ ಎಳೆದು, ನಾಲ್ಕೆಳೆ ದಾರ ಕಚ್ಚಿ ನೀನೇ ತೋರಿಸಿಕೊಟ್ಟೆ. ಆಮೇಲೆ ಹನ್ನೊಂದು ವರ್ಷ ನಾವಿಬ್ಬರೂ ಎದುರುಬದುರು ಸಾಲಿನಲ್ಲೇ ಕೆಲಸ ಮಾಡಿದೆವು. ನಿನ್ನ ಡಬ್ಬಿಯ ಪಲ್ಯ ನನಗೆ, ನನ್ನ ರೊಟ್ಟಿ ನಿನಗೆ.

ಆ ಹಾಳು ದಿನ ಮುಂಜಾನೆ ಸೂಪರ್‌ವೈಸರ್ ನಿನ್ನ ಸಾಲಿನ ಟೊಪಗಿ ತೆಗೆದು ನೋಡಿದ. ಒಂದಾದ ಮೇಲೊಂದು ಹತ್ತು ಮೊಗ್ಗು, ಕೇಸರ ತೆಗೆಯದೆ ಹಾಗೇ ಟೊಪಗಿ ಹಾಕಿಟ್ಟಿದ್ದೆ. ಊರಿಗೆಲ್ಲ ಕೆಲಸ ಕಲಿಸಿದ ಹುಸೇನಬಿಯ ಕೈಯಲ್ಲಿ ಇಂಥ ತಪ್ಪೇ? ಅವನು ಬೈಯಲೂ ಇಲ್ಲ, ಸುಮ್ಮನೆ ಮುಂದಿನ ಸಾಲಿಗೆ ಹೋದ. ನೀನು ತಲೆ ಎತ್ತಿ ಸುತ್ತ ನೋಡಿದೆ, ನಿನ್ನ ಕಣ್ಣು ನನ್ನ ಮೇಲೆ ಬಂದು ನಿಂತಿತು. "ನಗ್ತಿ? ನನ್ನ ನೋಡಿ ನಗ್ತಿ, ನೀಲಾ? ಕೈ ಹಿಡದು ಕಲಿಸಿದ್ದಕ್ಕ ಇದನ? ಇನ್ನ ನಿನ್ನ ಮಾರಿ ನೋಡೂದಿಲ್ಲ ನಾ." ನಾನೇನು ಕಡಿಮೆಯವಳೇ? "ನೋಡಬ್ಯಾಡ ಹೋಗ" ಎಂದೆ. ಹನ್ನೆರಡು ಜನ ಹೆಂಗಸರ ಎದುರಿಗೆ ಎಂದೆ.

ಮರುದಿನದಿಂದ ನೀನು ಹೊಲಕ್ಕೆ ಬರಲಿಲ್ಲ. ತಿಂಗಳೊಳಗೆ ನಿನ್ನ ಯಜಮಾನರನ್ನು, ನಮ್ಮ ಮಾಮಾನನ್ನು, ಕರೆದುಕೊಂಡು ಬ್ಯಾಡಗಿಗೆ, ಮಗಳು ಶಮಶಾದಳ ಮನೆಗೆ ಹೋದೆಯಂತೆ. ಬ್ಯಾಡಗಿ ಏನು ದೂರವೇ? ಒಂದು ದಿನ ಬಂದು ಹೋಗಬಹುದಿತ್ತು. ಅವಳೇ ಮಾತಾಡಿಸಲಿ ಎಂದು ಬಿಗಿದುಕೊಂಡು ಕುಳಿತೆ. ಕೊನೆಗೆ ಬಂದದ್ದು ಎದೆನೋವಿನಿಂದ ನೀನು ಹೋದೆ ಎನ್ನುವ ಸುದ್ದಿ. ಅವತ್ತು ಬಂದೆ ಆಪಾ, ನಿಮ್ಮ ಓಣಿಯ ತುದಿಯವರೆಗೂ ಬಂದೆ. ಮುಖ ನೋಡುವುದಿಲ್ಲ ಎಂದವಳ ಮುಖ ನಾನು ಹೇಗೆ ನೋಡಲಿ ಎಂದು ಅಲ್ಲಿಂದಲೇ ತಿರುಗಿದೆ. ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಮಾಡಿಲ್ಲ.

ಈಗ ಕೇಳು, ನಾನು ಅಜ್ಜಿಯಾದೆ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಅವಳಿ ಹೆಣ್ಣು ಕೂಸುಗಳು. ಒಂದು ಮಲಗಿದರೆ ಇನ್ನೊಂದು ಏಳುತ್ತದೆ, ಇಬ್ಬರೂ ಮೊದಲೇ ಮಾತಾಡಿಕೊಂಡವರ ಹಾಗೆ. ಎರಡು ತಿಂಗಳು ನನಗೆ ಒಂದು ತಾಸಿನ ಮೇಲೆ ಕಣ್ಣು ಮುಚ್ಚಲು ಬಿಡಲಿಲ್ಲ. ಮೊದಮೊದಲು ಎಷ್ಟು ಗಟ್ಟಿ ಹೆಂಗಸು ನಾನು ಎಂದು ಜಂಬವೇ ಇತ್ತು. ಆಮೇಲೆ ಶುರುವಾಯಿತು ನೋಡು. ಚಹಾಕ್ಕೆ ಉಪ್ಪು ಹಾಕಿದೆ. ಪಕ್ಕದ ಮನೆಯವರು ತಮ್ಮ ಎಮ್ಮೆ ಸತ್ತ ಸುದ್ದಿ ಹೇಳುತ್ತಿದ್ದರೆ ನನಗೆ ಕಿಸಕ್ಕನೆ ನಗು ಬಂತು, ತಡೆಯಲಾಗಲಿಲ್ಲ. ಅದೇ ಸಂಜೆ ರೊಟ್ಟಿ ಹರಿಯಿತೆಂದು ಗಳಗಳ ಅತ್ತೆ. ಹೇಳಲು ಹೊರಟ ಮಾತು ಅರ್ಧಕ್ಕೇ ಮರೆಯುವುದು, ಮರೆತದ್ದಕ್ಕೆ ಎದುರಿಗಿದ್ದವರ ಮೇಲೆ ರೇಗುವುದು. ಗಂಡ "ನಿನಗ ಏನರೆ ಆಗೇತೇನು?" ಎಂದು ಕೇಳಿದರೆ "ನನಗೇನಾಗೇತಿ, ಆಗಿದ್ದು ನಿಮಗ" ಎನ್ನುತ್ತಿದ್ದೆ. ಕೆಟ್ಟವಳಾಗುತ್ತಿದ್ದೇನೆ ಎಂದು ಊರಿಗೆಲ್ಲ ಗೊತ್ತಾಗಿತ್ತು, ನನಗೊಬ್ಬಳಿಗೆ ಬಿಟ್ಟು.

ಒಂದು ಮುಂಜಾನೆ ಹೊಲದಲ್ಲಿ, ಗಂಡು ಹೂವು ಮುಟ್ಟಿಸುವುದನ್ನೇ ಮರೆತು ದಾರ ಕಟ್ಟಿದ್ದೆ. ಅದು ಗೊತ್ತಾಗಿ ತಲೆ ಎತ್ತಿದರೆ ಎದುರು ಸಾಲಿನ ಲತಾ ನನ್ನನ್ನೇ ನೋಡಿ ತುಟಿ ಓರೆ ಮಾಡಿ ನಗುತ್ತಿದ್ದಾಳೆ. ಹೊಸಬಳು, ಈ ಸಲ ನಾನೇ ಕೆಲಸ ಕಲಿಸಿದ್ದೆ. ಮೈಯೆಲ್ಲ ಉರಿಯಿತು. "ಯಾಕ ನಗಾಕತ್ತಿ? ಕಲಿಸಿದಾಕಿನ್ನ ನೋಡಿ ನಗ್ತಿ?" ಎಂದು ಕೂಗಿದೆ. ಅವಳು ಗಾಬರಿಯಾಗಿ ಬಾಯಿಗೆ ಕೈ ಹಾಕಿ, ನಾಲ್ಕೆಳೆ ದಾರ ತೆಗೆದು ನನ್ನ ಮುಂದೆ ಹಿಡಿದಳು. "ನಕ್ಕಿಲ್ಲರಿ ಅಕ್ಕಾ. ದಾರ ಕಚ್ಚಿದ್ನಿ. ನೀವ ಹಿಂಗ ಕಲಿಸೀರಲ್ಲರಿ."

ಆಪಾ, ನಾನು ಅಲ್ಲೇ ಸಾಲಿನ ನಡುವೆ ಕುಳಿತುಬಿಟ್ಟೆ. ಆ ದಿನ ನನ್ನ ಬಾಯಲ್ಲೂ ದಾರ ಇತ್ತು! ಇರಲೇಬೇಕು, ನಾನು ದಾರವಿಲ್ಲದೆ ಸಾಲಿನಲ್ಲಿ ನಿಂತದ್ದು ಯಾವಾಗ? ಹನ್ನೊಂದು ವರ್ಷದ ರೂಢಿ, ಬಾಯಲ್ಲಿರುವುದು ನೆನಪೇ ಇರುವುದಿಲ್ಲ. ಆದರೆ ಹಾಗೆ ಕಚ್ಚುವುದನ್ನು ಕಲಿಸಿದವಳು ನೀನು. ನೀನು ಅದನ್ನು ನಗು ಎಂದುಕೊಂಡೆಯೆಂದರೆ, ಕೈ ತಪ್ಪದವಳು ಹತ್ತು ಮೊಗ್ಗು ತಪ್ಪಿದೆಯೆಂದರೆ, ನನಗಾದದ್ದೇ ನಿನಗೂ ಆಗಿತ್ತೇ? ಮರುದಿನ ಕೂಸುಗಳ ತೂಕ ನೋಡಲು ಬಂದ ನರ್ಸಮ್ಮನನ್ನು ಹಿಡಿದು ಕೂರಿಸಿ ಕೇಳಿದೆ. "ನಿದ್ದಿ ಇಲ್ಲಂದ್ರ ಮೈಯೊಂದ ದಣಿಯೂದಿಲ್ಲರಿ, ತಲಿನೂ ದಣೀತೈತಿ. ಸಣ್ಣದಕ್ಕ ಸಿಟ್ಟು, ಸಣ್ಣದಕ್ಕ ಅಳು ಬರತೈತಿ. ಸುಮ್ಮನ ಕುಂತವರ ಮಾರಿನೂ ಸಿಟ್ಟಿನ ಮಾರಿ ಕಂಡಂಗ ಕಾಣತೈತಿ" ಎಂದಳು. ಅವಳನ್ನು ತಬ್ಬಿಕೊಂಡೆ. ಅವಳು ಹೆದರಿ ಚೀಲ ಎತ್ತಿಕೊಂಡು ಹೋದಳು.

ಅವತ್ತೇ ಗಂಡನ ಮಗ್ಗುಲಿಗೆ ಒಂದು ಕೂಸು ದಾಟಿಸಿದೆ. ಗೊಣಗಿದರು, ಗೊಣಗುತ್ತಲೇ ತೂಗಿದರು. ವಾರದಲ್ಲಿ ನಾನು ಮನುಷ್ಯಳಾದೆ. ಲತಾಳ ಕೈ ಹಿಡಿದು ತಪ್ಪಾಯಿತೆಂದೆ. ನಿನ್ನದು ಬಾಕಿ ಇತ್ತು. ರವಿವಾರ ರಾಣೆಬೆನ್ನೂರಿಗೆ ಬಂದು ಬ್ಯಾಡಗಿ ಬಸ್ಸು ಹಿಡಿದೆ. ಇಳಿದ ಕೂಡಲೇ ಎರಡು ಸೀನು, ಆ ಊರಿನ ಮರ್ಯಾದೆ ಅದು. ಈ ಸಲ ಓಣಿಯ ತುದಿಯಲ್ಲಿ ನಿಲ್ಲಲಿಲ್ಲ.

ಬಾಗಿಲಲ್ಲಿ ಶಮಶಾದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ತೊಟ್ಟು ಬುಟ್ಟಿಯಲ್ಲಿ, ಕಾಯಿ ಕಸದಲ್ಲಿ. ನನ್ನನ್ನು ಕಂಡವಳೇ, "ಯಾಕ ಹಂಗ ನೋಡ್ತೀರಿ? ಅಬ್ಬಾನ್ನ ಸರಿ ನೋಡ್ಕೊಳ್ಳಾಕತ್ತಿಲ್ಲಂತ ಯಾರರೆ ಹೇಳ್ಯಾರೇನು?" ಎಂದಳು. ನಾನಿನ್ನೂ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಮೊದಲಾಗಿದ್ದರೆ ಅಲ್ಲಿಂದಲೇ ತಿರುಗುತ್ತಿದ್ದೆ. ಈಗ ಅವಳ ಕಣ್ಣಿನ ಸುತ್ತ ಕವಿದ ಕಪ್ಪು ಕಂಡಿತು, ಒಳಗಿನಿಂದ ಏದುಸಿರಿನ ಸದ್ದೂ ಕೇಳಿತು. "ಅಬ್ಬಾಗ ದಮ್ಮು ಐತೇನು?" ಎಂದೆ. ಅಷ್ಟಕ್ಕೇ ಅವಳು ಎಲ್ಲ ಹೇಳತೊಡಗಿದಳು. ಮಲಗಿದರೆ ಅವರಿಗೆ ಉಸಿರು ಹತ್ತುವುದಿಲ್ಲವಂತೆ, ರಾತ್ರಿಯೆಲ್ಲ ಕುಳ್ಳಿರಿಸಿಕೊಂಡು ಬೆನ್ನು ತಿಕ್ಕಬೇಕಂತೆ, ಮೇಡ್ಲೇರಿಯಲ್ಲಿದ್ದಾಗಿನಿಂದಲೂ ಹಾಗೇ ಅಂತೆ. "ಅಮ್ಮೀ ನಾಕು ತಿಂಗಳು ಮಲಗಲೇ ಇಲ್ಲ. ನಿಮಗ ಹೇಳಿರಲಿಲ್ಲೇನು?"

ಇಲ್ಲ, ಹೇಳಿರಲಿಲ್ಲ. ಎದುರು ಸಾಲಿನಲ್ಲಿ ನಿಂತು ನಾಲ್ಕು ತಿಂಗಳು ಒಂದು ಮಾತು ಆಡಲಿಲ್ಲವಲ್ಲೇ, ಮಹಾರಾಣಿ. ನಾನಾದರೂ ನಿನ್ನ ಮುಖ ನೋಡಿ ಕೇಳಲಿಲ್ಲ. ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ನಿನ್ನನ್ನು ಕಳೆದುಕೊಂಡದ್ದೇ ಸಾಕು, ನಿನ್ನ ಮಗಳನ್ನೂ ಹೀಗೇ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಬುಟ್ಟಿ ಕಿತ್ತುಕೊಂಡೆ. "ನೀ ಒಳಗ ಹೋಗಿ ಮಲಕೋ. ಅಬ್ಬಾನ ಹಂತ್ಯಾಕ ನಾ ಕುಂದರ್ತೇನಿ" ಎಂದೆ. ಜಗಳವಾಡಿದಳು, ನಿನ್ನದೇ ರಕ್ತ. ಕೊನೆಗೆ ಹೋದಳು.

ಮುಂಜಾನೆ ಹತ್ತಕ್ಕೆ ಮಲಗಿದವಳು ಸಂಜೆ ನಾಲ್ಕರವರೆಗೆ ಹೊರಳಲೂ ಇಲ್ಲ. ನಾನು ಮಾಮಾನ ಬೆನ್ನು ತಿಕ್ಕಿದೆ, ಗಂಜಿ ಕುಡಿಸಿದೆ. ಒಂದು ಹೊತ್ತಿನಲ್ಲಿ ಅವರು ಮೆಲ್ಲಗೆ, "ಆಕಿನ್ನೂ ಯಾರರೆ ಹಿಂಗ ಮಲಗಸಬೇಕಿತ್ತು" ಎಂದರು. ನಾನು ಅಲ್ಲೇ ಗೊತ್ತು ಮಾಡಿದೆ, ಆಪಾ: ಇನ್ನು ಮೇಲೆ ರವಿವಾರ ನಾನು, ಬುಧವಾರ ಲತಾ, ಶುಕ್ರವಾರ ನಮ್ಮ ಗುಂಪಿನ ಇನ್ನೊಬ್ಬಳು. ಮೂರು ವಾರದಿಂದ ನಡೆದಿದೆ, ನಾನಿರುವ ತನಕ ನಿಲ್ಲುವುದಿಲ್ಲ. ಮಾಮಾನನ್ನು ಹಾವೇರಿಯ ದವಾಖಾನೆಗೂ ಕರೆದೊಯ್ದು ಬಂದೆವು.

ಆ ಮೊದಲ ದಿನ ನಾಲ್ಕಕ್ಕೆ ಶಮಶಾದ ಕೂದಲು ಕೆದರಿಕೊಂಡು ಹೊರಗೆ ಬಂದಳು. "ಎದ್ದಿಯೇನ್ ತಾಯಿ?" ಎಂದು ನಾನು ಹಲ್ಲು ಕಾಣುವ ಹಾಗೆ ನಕ್ಕೆ. ಅವಳು ನಗಲಿಲ್ಲ. ಹತ್ತಿರ ಬಂದು ಕುಳಿತು ನನ್ನ ಮುಖ ನೋಡಿದಳು, ಸಮಾಧಾನದಿಂದ, ಹೊತ್ತು ತೆಗೆದುಕೊಂಡು ನೋಡಿದಳು. ಮುಂಜಾನೆಯ ಬಹುವಚನ ಬಿಟ್ಟು, ಚಿಕ್ಕವಳಿದ್ದಾಗ ಚಿಕ್ಕಮ್ಮನೆಂದು ಕರೆಯುತ್ತಿದ್ದ ಹಾಗೆ ಕರೆದಳು.

"ಖಾಲಾ, ನೀ ನಗಾಕತ್ತಿಲ್ಲ. ಅಮ್ಮೀ ನೆನಪಾಗ್ಯಾಳ ನಿನಗ."

ನಿನ್ನ,
ನೀಲಾ